ಮುಕ್ತಾಳ ಕದಗಳು

ಮುಕ್ತಾಳಿಗೆ ಐದು ವರ್ಷವಿದ್ದಾಗ ಶಿವಲೀಲಾ ಅವಳ ನೆತ್ತಿಯ ಮೇಲೆ ಕೈಯಿಟ್ಟು ಒಂದು ಮಾತು ಕೊಟ್ಟಿದ್ದಳು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸೂಜಿ ಹಿಡಿದು ಬಂದ ನರ್ಸು, ಇರುವೆ ಕಚ್ಚಿದ ಹಾಗಷ್ಟೇ ಆಗುತ್ತದೆ ಎಂದು ನಂಬಿಸಿ, ತೆಳ್ಳನೆಯ ತೋಳಿನಲ್ಲಿ ನರ ಸಿಗದೆ ಅಲ್ಲಿ ಇಲ್ಲಿ ಚುಚ್ಚಿ ಹೋಗಿದ್ದಳು. ಮುಕ್ತಾ ಅಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದವಳು ಸಂಜೆಯ ತನಕ ಯಾರ ಜೊತೆಯೂ ಮಾತಾಡಲಿಲ್ಲ. ತಾಯಿ ಬಾಯಿಗೆ ಹಿಡಿದ ಇಡ್ಲಿಯನ್ನೂ, ಇದು ನಿಜವಾಗಿ ಇಡ್ಲಿಯೇ ಹೌದೋ ಅಲ್ಲವೋ ಎಂಬಂತೆ ದಿಟ್ಟಿಸಿ ನೋಡಿದಳು. ಆಗ ಶಿವಲೀಲಾ ಹೇಳಿದ್ದು:

"ನಿನ್ನ ಮೈ ವಿಷಯದಾಗ ನಾ ನಿನಗ ಎಂದೂ ಸುಳ್ಳ ಹೇಳೂದಿಲ್ಲ. ಏನ ಇದ್ರೂ ಖರೇನ ಹೇಳ್ತೀನಿ."

"ಬ್ಯಾನಿ ಆಗೂದಿದ್ರ?"

"ಬ್ಯಾನಿ ಆಗ್ತೈತಿ ಅಂತನ ಹೇಳ್ತೀನಿ."

ಅವತ್ತಿನಿಂದ ಶಿವಲೀಲಾ ಆ ಮಾತನ್ನು ಉಳಿಸಿಕೊಂಡು ಬಂದಳು. ಕಹಿ ಔಷಧಿಯನ್ನು ಕಹಿ ಎಂದೇ ಕೊಟ್ಟಳು. ಗಂಟಲಿಗೆ ನಳಿಗೆ ಇಳಿಸುವ ದಿನ, ಇದು ಕೆಟ್ಟ ದಿನ, ಸಂಜೆಗೆ ಮುಗಿಯುತ್ತದೆ ಎಂದಳು. ಬೇರೆ ತಾಯಂದಿರು ಮಕ್ಕಳಿಗೆ ಚಂದಮಾಮನನ್ನು ತೋರಿಸಿ ಉಣಿಸುವಾಗ ಇವಳು ಕಫ ಎಂದರೆ ಏನು, ಅದು ಯಾಕೆ ಗಟ್ಟಿಯಾಗುತ್ತದೆ ಎಂದು ವಿವರಿಸಿ ಉಣಿಸಿದಳು. ಅತ್ತೆ ನೀಲವ್ವ ಮಾತ್ರ ಇದನ್ನು ಕೇಳಿ ಕೇಳಿ ಬೇಸತ್ತು, ಕೂಸಿನ ಮುಂದೆ ಎಂಥಾ ಮಾತಾಡ್ತಾಳ ನೋಡು ಇಕಿ, ಓದಿದ್ದು ಹೆಚ್ಚಾಗೇತಿ ಎಂದು ಮಗನ ಹತ್ತಿರ ಗೊಣಗುತ್ತಿದ್ದಳು.

ಮುಕ್ತಾಳ ಜಡ್ಡಿಗೆ ಪುಸ್ತಕದಲ್ಲಿ ಉದ್ದನೆಯ ಹೆಸರಿತ್ತು. ನೀಲವ್ವ ಅದನ್ನು ಉಪ್ಪಿನ ಜಡ್ಡು ಎನ್ನುತ್ತಿದ್ದಳು. ಹುಟ್ಟಿದ ಕೂಸಿಗೆ ಮುತ್ತು ಕೊಟ್ಟಾಗ ತುಟಿಗೆ ಉಪ್ಪು ಹತ್ತುತ್ತಿದ್ದುದನ್ನು ಮೊದಲು ಗುರುತಿಸಿದವಳೂ ಅವಳೇ.

ನಮ್ಮ ಮೈಯ ಒಂದೊಂದು ಜೀವಕೋಶವೂ ಒಂದೊಂದು ಮನೆ. ಅದರ ಗೋಡೆ ಎಂದರೆ ಎರಡು ಪದರದ ಎಣ್ಣೆಯ ತೆಳು ಪೊರೆ. ಎಣ್ಣೆಯನ್ನು ದಾಟಿ ಉಪ್ಪು ಹೋಗಲಾರದು. ಆದ್ದರಿಂದ ಆ ಪೊರೆಯಲ್ಲಿ ಅಲ್ಲಲ್ಲಿ ಕದಗಳಿವೆ, ಒಂದೊಂದು ಕದವೂ ಒಂದೊಂದು ಪದಾರ್ಥಕ್ಕೆ. ಪುಪ್ಪುಸದ, ಎಂದರೆ ಶ್ವಾಸಕೋಶದ, ನಾಳಗಳ ಒಳಮೈಯಲ್ಲಿರುವ ಕೋಶಗಳು ತಮ್ಮ ಕದ ತೆರೆದು ಉಪ್ಪನ್ನು ಹೊರಗೆ ಬಿಡುತ್ತವೆ. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ. ಆ ನೀರಿನಿಂದ ಕಫ ತೆಳುವಾಗಿ, ಧೂಳು ಕ್ರಿಮಿಗಳನ್ನೆಲ್ಲ ಕಟ್ಟಿಕೊಂಡು ಮೇಲೆ ಸರಿದು ಬರುತ್ತದೆ. ಮುಕ್ತಾಳ ಕೋಶಗಳಲ್ಲಿ ಆ ಕದವೇ ಇರಲಿಲ್ಲ. ಕೆಟ್ಟ ಕದವಿದ್ದ ಮಕ್ಕಳಿಗೆ, ಅದನ್ನು ಎತ್ತಿ ನಿಲ್ಲಿಸುವ ಮಾತ್ರೆಗಳು ಆಗಲೇ ಬಂದಿದ್ದವು. ಇಲ್ಲದ ಕದವನ್ನು ಯಾವ ಮಾತ್ರೆ ಎತ್ತಿ ನಿಲ್ಲಿಸೀತು?

ಹಾಗಾದರೆ ಹೊಸ ಕದವನ್ನೇ ಕೂರಿಸಿದರೆ ಹೇಗೆ ಎಂಬುದು ಧಾರವಾಡದ ಹೊರವಲಯದಲ್ಲಿ ಹಳೆಯ ಬೀಜದ ಗೋದಾಮನ್ನು ಒಡೆದು ಕಟ್ಟಿದ ಕೋಶ ಸಂಶೋಧನಾಲಯದ ಪ್ರಶ್ನೆಯಾಗಿತ್ತು. ಶಿವಲೀಲಾ ಅಲ್ಲಿಗೆ ಕೆಲಸಕ್ಕೆ ಸೇರಿದ್ದು ಮಗಳು ಹುಟ್ಟುವ ಮೊದಲು. ಮಗಳು ಹುಟ್ಟಿದ ಮೇಲೆ ಅದು ಕೆಲಸವಾಗಿ ಉಳಿಯಲಿಲ್ಲ. ಬೆಳಕು ಹರಿಯುವ ಮೊದಲೇ ಡಬ್ಬಿಗೆ ಎರಡು ರೊಟ್ಟಿ ತುಂಬಿಕೊಂಡು ಹೊರಟರೆ, ಅವಳು ತಿರುಗಿ ಬರುವಷ್ಟರಲ್ಲಿ ಮುಕ್ತಾಳ ಶಾಲೆ, ಸ್ನಾನ, ಬೆನ್ನು ತಟ್ಟಿ ಕಫ ಇಳಿಸುವುದು ಎಲ್ಲವೂ ನೀಲವ್ವನ ಕೈಯಲ್ಲಿ ಮುಗಿದಿರುತ್ತಿತ್ತು.

ಕದ ಮಾಡುವುದು ಅಷ್ಟು ಕಷ್ಟವಾಗಲಿಲ್ಲ. ಅದು ಯಾವಾಗ ತೆರೆಯಬೇಕು ಎಂಬುದೇ ಕಷ್ಟ. ಸದಾ ತೆರೆದೇ ಇದ್ದರೆ ಪುಪ್ಪುಸ ನೀರು ತುಂಬಿ ಮಗು ಮುಳುಗುತ್ತದೆ. ಅದಕ್ಕಾಗಿ ಅವರು ಕದದ ಜೊತೆಗೆ ಒಂದು ಕರೆಗಂಟೆಯನ್ನೂ ಕೂರಿಸಿದರು. ಪೊರೆಯ ಹೊರಮೈಯಲ್ಲಿ ನಿಂತು ಸುದ್ದಿ ಹಿಡಿಯುವ ಒಂದು ಗ್ರಾಹಕ ಅದು. ಅದಕ್ಕೆಂದೇ ಮಾಡಿದ ಒಂದು ಪುಡಿಯನ್ನು ಬೆಳಿಗ್ಗೆ ಉಸಿರಿನಲ್ಲಿ ಎಳೆದುಕೊಂಡರೆ ಪುಡಿಯ ಕಣ ಗ್ರಾಹಕಕ್ಕೆ ತಾಗುತ್ತದೆ, ಒಳಗೆ ಸುದ್ದಿ ಮುಟ್ಟುತ್ತದೆ, ಕದ ತೆರೆಯುತ್ತದೆ. ಒಂದು ಗುಳಿಗೆಯ ಪುಡಿಗೆ ಒಂದು ದಿನದ ಉಸಿರು. ಕದವನ್ನೂ ಗಂಟೆಯನ್ನೂ ಮಾಡುವ ಬರಹವನ್ನು, ಎಂದರೆ ಜೀನನ್ನು, ಹಲ್ಲು ಕಿತ್ತ ಒಂದು ವೈರಸ್ಸಿನ ಬೆನ್ನಿಗೆ ಕಟ್ಟಿ ಪುಪ್ಪುಸದೊಳಗೆ ಕಳಿಸಬೇಕಿತ್ತು, ಒಂದೇ ಸಲ. ಎರಡನೆಯ ಸಲ ಮೈ ಆ ವೈರಸ್ಸನ್ನು ಗುರುತು ಹಿಡಿದು ಹೊಸಿಲಲ್ಲೇ ಕೊಂದುಬಿಡುತ್ತದೆ.

ಮೊದಲು ಆ ಕದ ಸಿಕ್ಕಿದ್ದು ಮುಕ್ತಾಳಿಗೆ. ಆಗ ಅವಳಿಗೆ ಏಳು ವರ್ಷ. ಇದು ಕೆಲಸ ಮಾಡದೆಯೂ ಹೋಗಬಹುದು ಎಂದು ಶಿವಲೀಲಾ ಅವಳಿಗೆ ಹೇಳಿಯೇ ಮಾಡಿದಳು.

ಕೆಲಸ ಮಾಡಿತು. ತಿಂಗಳು ತುಂಬುವುದರೊಳಗೆ ಮುಕ್ತಾ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ಅಲ್ಲಿಂದ ಕೂಗಿದಳು. ಕೂಗಲು ಬೇಕಾದ ಉಸಿರು ತನ್ನಲ್ಲಿದೆ ಎಂಬುದೇ ಅವಳಿಗೆ ಆಟವಾಯಿತು. ನೀಲವ್ವನ ಬೆನ್ನು ತಟ್ಟುವ ಕೆಲಸ ನಿಂತಿತು. ಮೊಮ್ಮಗಳ ಕೆನ್ನೆಗೆ ಮುತ್ತು ಕೊಟ್ಟು ತುಟಿ ನೆಕ್ಕಿಕೊಂಡು, ಇನ್ನೂ ಉಪ್ಪೈತಿ ಎಂದು ಅವಳು ಸುಳ್ಳು ಸಿಟ್ಟು ತೋರುತ್ತಿದ್ದಳು. ಅದು ಬೆವರಿನ ಉಪ್ಪು, ಚರ್ಮದ ಕೋಶಗಳಿಗೆ ನಾವು ಕದ ಹಾಕಿಲ್ಲ ಎಂದು ಶಿವಲೀಲಾ ಹೇಳಿದರೆ ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಗುಳಿಗೆಯನ್ನು ಚುಚ್ಚಿ ಎಳೆದುಕೊಳ್ಳುವ ಪ್ಲಾಸ್ಟಿಕ್ಕಿನ ಸಾಧನ ಮಕ್ಕಳ ಪೀಪಿಯ ಹಾಗೇ ಇತ್ತು. ನೀಲವ್ವ ಅದನ್ನು ಪೀಪಿ ಎಂದೇ ಕರೆದಳು. ದಿನಾ ಮುಂಜಾನೆ ಚಹಾಕ್ಕಿಂತ ಮೊದಲು ಪೀಪಿ.

ಆಮೇಲೆ ಇನ್ನೂ ಹಲವು ಮಕ್ಕಳಿಗೆ ಕದ ಕೂರಿಸಿದರು. ಅವರಿಗೆಲ್ಲ ತಿಂಗಳ ಗುಳಿಗೆ ಅಂಚೆಯಲ್ಲಿ ಹೋಗುತ್ತಿತ್ತು, ಎಣಿಸಿ, ಪಟ್ಟಿಗೆ ಕಟ್ಟಿ. ಮುಕ್ತಾಳದನ್ನು ಮಾತ್ರ ಶಿವಲೀಲಾಳೇ ಪ್ರಯೋಗಾಲಯದ ಡಬ್ಬಿಯಿಂದ ಕೈ ತುಂಬ ತುಂಬಿಕೊಂಡು ತರುತ್ತಿದ್ದಳು. ಮುಗೀತು ಎಂದು ಅತ್ತೆ ಹೇಳಿದಾಗ ಮತ್ತೊಂದು ಕೈ ತುಂಬ. ಮನೆಯವರಲ್ಲವೇ.

ಎರಡನೆಯ ವರ್ಷದ ದಸರೆ ಕಳೆದ ಮೇಲೆ ಕೆಮ್ಮು ತಿರುಗಿ ಬಂತು. ಧೂಳಿಗೆ ಬಂದಿರಬೇಕು ಎಂದರು. ಧೂಳು ಅಡಗಿದ ಮೇಲೂ ಕೆಮ್ಮು ಅಡಗಲಿಲ್ಲ. ಮಾಳಿಗೆಯ ಅರ್ಧ ಮೆಟ್ಟಿಲಲ್ಲಿ ಮುಕ್ತಾ ಕೂತು ದಣಿವಾರಿಸಿಕೊಳ್ಳುವುದನ್ನು ಕಂಡ ದಿನ ಶಿವಲೀಲಾ ಅವಳ ಮೂಗಿನೊಳಗಿಂದ ಸಣ್ಣ ಕುಂಚದಲ್ಲಿ ಒಂದಿಷ್ಟು ಕೋಶಗಳನ್ನು ಕೆರೆದು ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ಮೂಗಿನ ಕೋಶಗಳು ಪುಪ್ಪುಸದ ಕೋಶಗಳ ಅಕ್ಕತಂಗಿಯರು. ಅಲ್ಲಿಯ ಸಮಾಚಾರ ಇಲ್ಲಿ ತಿಳಿಯುತ್ತದೆ.

ಸಂಶೋಧನಾಲಯದ ಮುಖ್ಯಸ್ಥೆ ಡಾಕ್ಟರ್ ಇನಾಮದಾರ ಸದಾ ಬಾಯಲ್ಲಿ ಏಲಕ್ಕಿ ಇಟ್ಟುಕೊಂಡೇ ಮಾತಾಡುವ ಹೆಂಗಸು. ಕತ್ತಲ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಪರದೆಯ ಮುಂದೆ ಇಬ್ಬರೂ ಕೂತರು. ಗ್ರಾಹಕಗಳು ಹಸಿರಾಗಿ ಹೊಳೆಯುವ ಹಾಗೆ ಬಣ್ಣ ಕಟ್ಟಿದ್ದರು. ಬೇರೆ ಮಕ್ಕಳ ಕೋಶಗಳಲ್ಲಿ ಆ ಹಸಿರು ಅಂಚಿಗುಂಟ ನಿಂತು, ಸೀರೆಗೆ ದಡಿ ಇದ್ದ ಹಾಗೆ ಕಾಣುತ್ತಿತ್ತು. ಮುಕ್ತಾಳ ಕೋಶಗಳಿಗೆ ದಡಿಯೇ ಇರಲಿಲ್ಲ. ಹಸಿರೆಲ್ಲ ಒಳಗೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಹಲವು ಕೋಶಗಳಲ್ಲಿ ಚುಕ್ಕೆಯೂ ಇಲ್ಲ.

ಇನಾಮದಾರ ಚಿತ್ರವನ್ನು ಹಿಗ್ಗಿಸಿ ಕೋಶಗಳ ಅಂಚನ್ನು ಹುಡುಕಿದರು. ಆಮೇಲೆ, "ಎಳಕೊಂಡುಬಿಟ್ಟಾವ, ಶಿವಲೀಲಾ," ಎಂದರು. "ಯಾರೋ ಗಂಟೀ ಬಾಳ ಬಾರಿಸ್ಯಾರ."

ಶಿವಲೀಲಾಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಓಣಿಯ ಹುಡುಗರು ದಿನಾ ಬಂದು ಬಂದು ಕರೆಗಂಟೆ ಒತ್ತಿದರೆ ಮನೆಯವರು ಏನು ಮಾಡುತ್ತಾರೆ? ಗಂಟೆಯನ್ನು ಕಿತ್ತು ಒಳಗಿಡುತ್ತಾರೆ. ಕೋಶವೂ ಹಾಗೆಯೇ. ಹೊರಗಿನಿಂದ ಸುದ್ದಿ ಅತಿಯಾದರೆ ಅದು ಪೊರೆಯನ್ನು ಒಳಕ್ಕೆ ಚೀಲದಂತೆ ಮಡಚಿ ಗ್ರಾಹಕವನ್ನು ಒಳಗೆಳೆದುಕೊಳ್ಳುತ್ತದೆ. ಸ್ವಲ್ಪ ದಿನ ಕಾದು ನೋಡುತ್ತದೆ. ಗದ್ದಲ ನಿಂತರೆ ತಿರುಗಿ ಹೊರಗೆ ನಿಲ್ಲಿಸುತ್ತದೆ. ನಿಲ್ಲದಿದ್ದರೆ ಅರೆದು ಜೀರ್ಣಿಸಿಕೊಳ್ಳುತ್ತದೆ. ಅದಕ್ಕೂ ನಿಲ್ಲದಿದ್ದರೆ, ಆ ಗಂಟೆಯನ್ನು ಮಾಡುವ ಬರಹವನ್ನೇ ಸುತ್ತಿ ಬೀಗ ಹಾಕುವುದೂ ಉಂಟು. ಆಮೇಲೆ ಕರೆದವರು ಯಾರೇ ಆಗಲಿ, ಅದಕ್ಕೆ ಕೇಳುವುದಿಲ್ಲ.

ಗುಳಿಗೆ ಎಷ್ಟು ಕೊಡುತ್ತಿದ್ದೀರಿ ಎಂದು ಇನಾಮದಾರ ಕೇಳಿದರು. ಒಂದೇ, ಎಂದಳು ಶಿವಲೀಲಾ. ಎರಡು ಪಟ್ಟು ಕೊಟ್ಟು ನಾವೇ ಒಂದು ವಾರ ನೋಡಿದ್ದೆವಲ್ಲ, ಏನೂ ಆಗಿರಲಿಲ್ಲ ಎಂದೂ ಹೇಳಿದಳು. ವಾರದ ಮಾತು ಬೇರೆ, ವರ್ಷದ ಮಾತು ಬೇರೆ ಎಂದು ಇನಾಮದಾರ ಏಲಕ್ಕಿ ಸಿಪ್ಪೆಯನ್ನು ಕರವಸ್ತ್ರಕ್ಕೆ ಉಗಿದರು. ಕಾರಣ ಸಿಗದಿದ್ದರೆ ಎಲ್ಲ ಮಕ್ಕಳದನ್ನೂ ನಿಲ್ಲಿಸಬೇಕಾಗುತ್ತದೆ. ಸರದಿಯಲ್ಲಿ ಕಾಯುತ್ತಿರುವ ಮಕ್ಕಳಿಗೆ ಬಾಗಿಲು ಹಾಕಬೇಕಾಗುತ್ತದೆ. ಅದನ್ನು ಅವರು ಹೆದರಿಸಲು ಹೇಳಲಿಲ್ಲ. ಇದ್ದದ್ದನ್ನು ಹೇಳಿದರು.

ಆ ಭಾನುವಾರ ನವಲಗುಂದದಿಂದ ಮೌಲಾಸಾಬ ನದಾಫ ಬಂದ. ಅವನ ಮಗಳು ಆಯಿಷಾಳಿಗೆ ಮುಕ್ತಾ ಆದ ಮೇಲೆ ಕದ ಕೂರಿಸಿದ್ದರು. ಗಾದಿ ಹೊಲಿಯುವ ಮನುಷ್ಯ. ಹತ್ತಿಯ ಧೂಳು ಮಗಳ ಮೂಗಿಗೆ ಹೋಗಬಾರದೆಂದು ಅಂಗಡಿಯನ್ನು ಊರ ಹೊರಗೆ ಸಾಗಿಸಿದ್ದ. ಈಗ ಮಗಳು ಶಾಲೆಯ ಓಟದಲ್ಲಿ ಮೂರನೆಯವಳಾಗಿ ಬಂದಿದ್ದಾಳೆ ಎಂದು ಹೇಳಲು ಒಂದು ಹೊಸ ತಲೆದಿಂಬು ಹೊತ್ತು ತಂದಿದ್ದ. ಮುಕ್ತಾ ಅದನ್ನು ಎದೆಗವಚಿಕೊಂಡು, ಆಯಿಷಾಗೆ ನನಗಿಂತ ದೊಡ್ಡ ಕಾಲಿವೆ, ಅದಕ್ಕೇ ಮೂರನೆಯವಳು ಎಂದು ವಾದಕ್ಕೆ ನಿಂತಳು. ನಡುವೆ ಕೆಮ್ಮು ಬಂದು ವಾದ ಅರ್ಧಕ್ಕೆ ನಿಂತಿತು. ಮೌಲಾಸಾಬ ನೆಲ ನೋಡಿದ.

ಊಟದ ಹೊತ್ತಿಗೆ ಬಂದವನನ್ನು ನೀಲವ್ವ ಹಾಗೇ ಕಳಿಸುವವಳಲ್ಲ. ಅವನಿಗೂ ತನ್ನ ಮಗ ಮಹಾಂತೇಶನಿಗೂ ತಾಟು ಇಟ್ಟಳು. ಹೊಟ್ಟೆ ತುಂಬಿದೆ, ಒಂದು ರೊಟ್ಟಿ ಸಾಕು ಎಂದು ಮೌಲಾಸಾಬ ಕೈ ಅಡ್ಡ ಹಿಡಿದರೆ, ನೀಲವ್ವ ಕೈಯ ಸಂದಿಯಲ್ಲೇ ಎರಡನೆಯದನ್ನು ಇಳಿಸಿದಳು.

"ಒಂಟಿ ರೊಟ್ಟಿ ಹಾಕಬಾರದಪಾ. ಒಂದ ನೀಡೂದು ಸತ್ತವರ ಎಡಿಗೆ. ಜೀವಂತ ಇದ್ದವ್ರಿಗೆ ಜೋಡಿ."

"ನಿಮ್ಮ ಕೈಯಾಗ ಸಿಕ್ರ ಆಯಿಷಾ ಓಡೂದು ಬಿಟ್ಟು ಉಳ್ಳತಾಳ ನೋಡ್ರಿ," ಎಂದು ಅವನು ನಕ್ಕ.

ಶಿವಲೀಲಾ ಅಡುಗೆಮನೆಯ ಬಾಗಿಲಲ್ಲಿ ಪಲ್ಯದ ಬೋಗುಣಿ ಹಿಡಿದು ನಿಂತಿದ್ದಳು. ಎರಡನೆಯ ರೊಟ್ಟಿಯನ್ನು ನೋಡಿ ಅವಳು ಬೋಗುಣಿಯನ್ನು ಕೆಳಗಿಟ್ಟಳು. ಮದುವೆಯಾಗಿ ಬಂದ ಮೊದಲ ದಿನದಿಂದ ಅವಳ ಡಬ್ಬಿಗೆ ಎರಡು ರೊಟ್ಟಿ ಬೀಳುತ್ತಿದ್ದವು. ದೋಸೆಯಾದರೆ ಎರಡು, ಹೋಳಿಗೆಯಾದರೆ ಎರಡು. ಆಟದ ಬುಟ್ಟಿಯಲ್ಲಿದ್ದ ಗೊಂಬೆಗೂ ಅತ್ತೆ ಎರಡು ಶೇಂಗಾ ಇಟ್ಟದ್ದನ್ನು ಅವಳು ನೋಡಿದ್ದಳು.

"ಅತ್ತಿ," ಎಂದಳು. ದನಿ ಸಾಧಾರಣವಾಗಿಯೇ ಇತ್ತು. "ಮುಂಜಾನೆ ಪೀಪಿಯೊಳಗ ಗುಳಿಗಿ ಎಷ್ಟ ಹಾಕ್ತೀರಿ?"

"ಎರಡ," ಎಂದಳು ನೀಲವ್ವ, ಚಟ್ನಿ ನೀಡುತ್ತಾ. "ಮೊದಲ ಒಂದು, ಆಮ್ಯಾಲೆ ಒಂದು. ಜಡ್ಡಿನ ಕೂಸಿಗೆ ಒಂದ ಹ್ಯಾಂಗ ಹಾಕ್ಲಿ?"

"ಯಾವಾಗಿಂದ?"

"ಯಾವಾಗಿಂದ ಅಂದ್ರ? ಮೊದಲಿಂದನೂ."

ಮೌಲಾಸಾಬ ತಾಟಿನಿಂದ ತಲೆ ಎತ್ತಿ, ನಮ್ಮ ಮನೆಯಲ್ಲಿ ಒಂದೇ ಹಾಕ್ತೀವಿ, ಮೇಡಮ್ಮಾರು ಒಂದು ಅಂದಿದ್ದಾರೆ ಅಂದ ಮೇಲೆ ನನ್ನ ಹೆಂಡತಿ ಗುಳಿಗೆಯನ್ನು ಕುರಾನಿನ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಾಳೆ ಎಂದ. ಮೆಚ್ಚಿಸಲೆಂದು ಹೇಳಿದ ಮಾತು ಅದು. ಆ ಊರು ಈ ಊರಿನ ತಾಯಂದಿರಿಗೆಲ್ಲ ಶಿವಲೀಲಾ ಮೇಡಮ್ಮಳಾಗಿದ್ದಳು. ತನ್ನ ಮನೆಯಲ್ಲಿ ಮಾತ್ರ ಅವಳು ಸೊಸೆ. ಒಂದು ಗುಳಿಗೆ ಎಂದು ಅವಳು ಹೇಳಿದ್ದುಂಟು. ಒಂದು ರೊಟ್ಟಿ ಸಾಕು ಎಂದು ಬಂದವರು ಹೇಳುವುದನ್ನು ನೀಲವ್ವ ಹೇಗೆ ಕೇಳಿಸಿಕೊಳ್ಳುತ್ತಿದ್ದಳೋ ಹಾಗೆಯೇ ಅದನ್ನೂ ಕೇಳಿಸಿಕೊಂಡಿದ್ದಳು. ಯಾಕೆ ಎರಡು ಬೇಡ ಎಂಬುದನ್ನು ಶಿವಲೀಲಾ ಮಗಳಿಗೆ ಕೂತು ವಿವರಿಸಿದಂತೆ ಅತ್ತೆಗೆ ಕೂತು ವಿವರಿಸಿರಲಿಲ್ಲ. ಅದಕ್ಕೆ ಹೊತ್ತು ಸಿಕ್ಕಿರಲಿಲ್ಲ. ಬೆಳಿಗ್ಗೆ ಅವಳು ಮನೆಯಲ್ಲೇ ಇರುತ್ತಿರಲಿಲ್ಲ.

ಅಂದಿನಿಂದ ಗುಳಿಗೆ ನಿಲ್ಲಿಸಿದಳು. ಕೋಶಗಳು ಸುಮ್ಮನಿದ್ದು, ಗದ್ದಲ ಅಡಗಿತೆಂದು ನಂಬಿ, ಗಂಟೆಯನ್ನು ತಿರುಗಿ ಹೊರಗೆ ನಿಲ್ಲಿಸಲಿ ಎಂದು. ಯಾಕೆ ನಿಲ್ಲಿಸಿದಿ, ನನ್ನಿಂದ ಏನಾರ ತಪ್ಪಾತೇನು ಎಂದು ನೀಲವ್ವ ಕೇಳಿದಳು. ನೋಡೋಣ, ಇನ್ನೂ ಗೊತ್ತಿಲ್ಲ ಎಂದಳು ಶಿವಲೀಲಾ. ನೀಲವ್ವ ಎರಡನೆಯ ಸಲ ಕೇಳಲಿಲ್ಲ. ಆದರೆ ಅಲ್ಲಿಂದಾಚೆಗೆ ಅವಳು ಮೊಮ್ಮಗಳ ತಾಟಿಗೆ ರೊಟ್ಟಿ ಹಾಕುವ ಮೊದಲು ಸೊಸೆಯ ಮುಖ ನೋಡತೊಡಗಿದಳು. ಅದು ಶಿವಲೀಲಾಳಿಗೆ ಸಹಿಸಲಾಗಲಿಲ್ಲ. ಹಾಕ್ರಿ ಅತ್ತಿ, ಎರಡೂ ಹಾಕ್ರಿ ಎಂದಳು.

ಆ ದಿನಗಳಲ್ಲಿ ಮನೆ ತಿರುಗಿ ಹಳೆಯ ಮನೆಯಾಯಿತು. ತಟ್ಟುವುದು, ಹಬೆ ಹಿಡಿಸುವುದು, ತಲೆ ತಗ್ಗಿಸಿ ಮಲಗಿಸುವುದು. ಮುಕ್ತಾ ದೊಡ್ಡವಳಾಗಿದ್ದಳು, ಅವಳ ಬೆನ್ನು ಈಗ ನೀಲವ್ವನ ಎರಡು ಅಂಗೈಗೆ ಸಾಲುತ್ತಿರಲಿಲ್ಲ. ಉಸಿರು ಚೆನ್ನಾಗಿದ್ದ ಆ ಎರಡು ವರ್ಷ ಇಲ್ಲದಿದ್ದರೆ ಅವಳಿಗೆ ಇದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಮೊದಲು ಅವಳಿಗೆ ಬೇರೆ ಉಸಿರು ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಮಾಳಿಗೆಯ ಮೆಟ್ಟಿಲನ್ನು ಕೆಳಗಿನಿಂದ ನೋಡಿ, ಅಲ್ಲಿ ಇಟ್ಟ ಬಣ್ಣದ ಡಬ್ಬಿಯನ್ನು ತಂದುಕೊಡು ಎಂದು ಅಪ್ಪನಿಗೆ ಹೇಳುವಾಗ ಅವಳ ಮುಖದಲ್ಲಿ ದೊಡ್ಡವರ ಮುಖದಲ್ಲಿರುವಂಥದ್ದೇನೋ ಬರುತ್ತಿತ್ತು.

ಕಾದು ಕಾದು ಮತ್ತೆ ಮೂಗಿನಿಂದ ಕೋಶ ತೆಗೆದರು. ಕತ್ತಲ ಕೋಣೆಯ ಪರದೆಯ ಮೇಲೆ ಕೋಶಗಳು ಬಂದು ನಿಂತವು. ಒಳಗಿದ್ದ ಹಸಿರು ಚುಕ್ಕೆಗಳೂ ಈಗ ಇರಲಿಲ್ಲ. ಹೊರಗೂ ಏನಿಲ್ಲ. ಬರಹ ಓದಲ್ಪಡುತ್ತಿದೆಯೇ ಎಂದು ಪರೀಕ್ಷಿಸಿದರು. ಬರಹ ಅಲ್ಲೇ ಇತ್ತು, ಸುತ್ತಿ ಬೀಗ ಹಾಕಿತ್ತು. ಬೀಗ ಬಿಡಿಸುವ ಔಷಧಿಗಳನ್ನು ಬಟ್ಟಲಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ ನೋಡಿದರು. ಕೋಶಗಳು ಸತ್ತವು, ಬೀಗ ಬಿಡಲಿಲ್ಲ. ಹೊಸದಾಗಿ ಕದ ಕಳಿಸೋಣ ಎಂದರೆ ಮುಕ್ತಾಳ ರಕ್ತದಲ್ಲಿ ಆ ವೈರಸ್ಸಿಗೆಂದೇ ಕಾವಲು ಕೂತಿತ್ತು. ಬೇರೆ ವಾಹನ ಹುಡುಕಲು ಎಷ್ಟು ವರ್ಷ ಬೇಕು ಎಂದು ಶಿವಲೀಲಾ ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು. ಇನಾಮದಾರ ಎದ್ದು ದೀಪ ಹಾಕಿದರು.

"ವರದಿಯೊಳಗ ಇದ್ದದ್ದನ್ನ ಬರೀಬೇಕಾಗ್ತದ," ಎಂದರು. "ಉಳದ ಮಕ್ಕಳ ಸಲುವಾಗಿ."

ಶಿವಲೀಲಾ ತಾನೇ ಬರೆದಳು. ಮನೆಯಲ್ಲಿ ದಿನವೂ ಎರಡು ಪಟ್ಟು ಪುಡಿ ಕೊಡಲಾಗಿದೆ, ಕೊಟ್ಟವರಿಗೆ ಅಪಾಯವನ್ನು ವಿವರಿಸಿರಲಿಲ್ಲ, ಕದದ ರಚನೆಯಲ್ಲಿ ದೋಷವಿಲ್ಲ. ಕೊನೆಯ ಸಾಲನ್ನು ಬರೆಯುವಾಗ, ತನ್ನ ಜೀವಮಾನದಲ್ಲಿ ತಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿತ್ತು. ಸರದಿಯಲ್ಲಿದ್ದ ಮಕ್ಕಳಿಗೆ ಬಾಗಿಲು ಮುಚ್ಚಲಿಲ್ಲ. ಎರಡನೆಯ ಸಲ ಒತ್ತಿದರೆ ಮರುದಿನ ಬೆಳಗಿನ ತನಕ ಬಾಯಿ ಬಿಡದ ಹೊಸ ಪೀಪಿಯನ್ನು ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿತು.

ಗಂಡನಿಗೆ ಹೇಳಲು ಅವಳು ಮನೆಗೆ ಹೋಗಲಿಲ್ಲ, ಅವನು ಕೆಲಸ ಮಾಡುವಲ್ಲಿಗೇ ಹೋದಳು. ಮಹಾಂತೇಶ ಸುತ್ತಲಿನ ಹಳ್ಳಿಗಳ ಶುದ್ಧ ನೀರಿನ ಘಟಕಗಳನ್ನು ರಿಪೇರಿ ಮಾಡುವವನು. ಅಮ್ಮಿನಬಾವಿಯ ಘಟಕದ ಹಿಂದೆ ಕೂತು ಉದ್ದನೆಯ ಬಿಳಿ ಕೊಳವೆಯಿಂದ ನೀರು ಸೋಸುವ ಹಳೆಯ ಮೆಂಬ್ರೇನನ್ನು ಜಗ್ಗಿ ತೆಗೆಯುತ್ತಿದ್ದ. ಸುಣ್ಣ ಕಟ್ಟಿ ಕಂದಾಗಿದ್ದ ಸುರುಳಿ ಅದು. ಕೊಡ ಹಿಡಿದ ಹೆಂಗಸರು ಇನ್ನೂ ಎಷ್ಟೊತ್ತು ಎಂದು ಅವನನ್ನು ಕಾಡುತ್ತಿದ್ದರು. ಶಿವಲೀಲಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವನು ಕೇಳುತ್ತಾ ಹೊಸ ಮೆಂಬ್ರೇನಿನ ಪ್ಲಾಸ್ಟಿಕ್ ಹರಿದ, ಕೊಳವೆಗೆ ತುರುಕಿದ, ಮುಚ್ಚಳ ಬಿಗಿದ, ಮೋಟರು ಹಚ್ಚಿದ. ನೀರು ಬಂತು. ಹೆಂಗಸರು ಸರದಿಗೆ ನಿಂತರು. ಅವನು ಮಾತ್ರ ಏಳಲಿಲ್ಲ.

"ಎಷ್ಟು ದಿನ?" ಎಂದ.

ಮೊದಲು ಡಾಕ್ಟರು ಹೇಳಿದ್ದಕ್ಕಿಂತ ಕಡಿಮೆ ಎಂದಳು. ಪುಪ್ಪುಸದ ಕೆಳಭಾಗ ಆಗಲೇ ಕಟ್ಟಿಕೊಂಡಿತ್ತು.

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿದ. ಮತ್ತೂ ಒರೆಸಿದ. "ಅವ್ವಗ ಹೇಳಬ್ಯಾಡ, ಲೀಲಾ. ಅಕಿ ಮುಂಜಾನಿ ಎದ್ದು ಮೊದಲ ಅದನ್ನ ಮಾಡ್ತಿದ್ಲು. ಚಹಾ ಸುದ್ದಾ ಕುಡೀತಿರಲಿಲ್ಲ."

"ಅತ್ತಿಯವ್ರಿಗೆ ಹೇಳೂದಿಲ್ಲ. ಆದ್ರ ಮುಕ್ತಾ ಕೇಳ್ತಾಳ."

"ಕೇಳಿದ್ರ?"

ಶಿವಲೀಲಾ ಮಗಳಿಗೆ ಕೊಟ್ಟ ಮಾತಿನ ಸಂಗತಿ ಅವನಿಗೂ ಗೊತ್ತಿತ್ತು. ಸುಳ್ಳು ಹೇಳಿದವರನ್ನು ಮುಕ್ತಾ ಹೇಗೆ ನೋಡುತ್ತಾಳೆ ಎಂಬುದನ್ನೂ ಅವನು ವಾರ್ಡಿನಲ್ಲಿ ನೋಡಿದ್ದ. ಮನೆಗೆ ಬರುವ ಬಸ್ಸಿನಲ್ಲಿ ಶಿವಲೀಲಾ ಅದನ್ನೇ ಅತ್ತಿತ್ತ ತಿರುಗಿಸಿ ನೋಡಿದಳು. ನಿಜ ಹೇಳಿದರೆ ಕೂಸಿಗೆ ಉಳಿದ ದಿನಗಳಲ್ಲಿ ಅಜ್ಜಿಯ ಕೈ ಮೈಗೆ ತಾಗಿದಾಗಲೆಲ್ಲ ಅದು ನೆನಪಾಗುತ್ತದೆ. ಬೆನ್ನು ತಟ್ಟುವುದು ಆ ಕೈಯೇ. ಹಬೆ ಹಿಡಿಸುವುದು ಆ ಕೈಯೇ. ಸುಳ್ಳು ಹೇಳಿದರೆ, ಹೆದರಿಕೆಯಾದಾಗ ಮುಕ್ತಾ ಯಾರ ಮಾತು ಕೇಳಿ ಸಮಾಧಾನ ತಂದುಕೊಳ್ಳುತ್ತಿದ್ದಳೋ ಆ ಒಂದು ಬಾಯಿಯೂ ಉಳಿದ ಬಾಯಿಗಳಂತೆಯೇ ಆಗುತ್ತದೆ. ಅವಳಿಗೆ ಗೊತ್ತಾಗದಿದ್ದರೂ ಆಗುತ್ತದೆ, ಯಾಕೆಂದರೆ ಶಿವಲೀಲಾಳಿಗೆ ಗೊತ್ತಿರುತ್ತದೆ.

ಮುಕ್ತಾ ಕೇಳಿದ್ದು ನಾಲ್ಕಾರು ದಿನ ಕಳೆದ ಮೇಲೆ, ಮಧ್ಯಾಹ್ನ. ರಜೆ ಹಾಕಿ ಮನೆಯಲ್ಲಿದ್ದ ಶಿವಲೀಲಾ ಮಗಳ ಜಡೆ ಬಿಚ್ಚಿ ಹಣಿಗೆ ಆಡಿಸುತ್ತಿದ್ದಳು. ಹಿಂದಿನ ಪಡಸಾಲೆಯಲ್ಲಿ ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಸದ್ದು ಕೇಳುತ್ತಿತ್ತು. ಮುಕ್ತಾಳ ಮೂಗಿಗೆ ಆಮ್ಲಜನಕದ ಸಣ್ಣ ನಳಿಗೆ ಹಾಕಿ ಆಗಿತ್ತು. ಅವಳು ಅದನ್ನು ಕಿವಿಯ ಹಿಂದೆ ಸರಿಯಾಗಿ ಕೂರಿಸಿಕೊಂಡು ಕೇಳಿದಳು.

"ಅವ್ವಾ, ಕದ ತಿರುಗಿ ತೆರೀತಾವು?"

"ಇಲ್ಲ."

"ಬ್ಯಾರೆ ಕದ ಹಾಕ್ತೀ?"

"ಹಾಕಾಕ ಬರೂದಿಲ್ಲವ್ವಾ. ನಿನ್ನ ಮೈ ಒಳಗ ಬಿಡೂದಿಲ್ಲ."

ಮುಕ್ತಾ ಸ್ವಲ್ಪ ಹೊತ್ತು ನಳಿಗೆಯ ಗಾಳಿಯನ್ನು ಎಳೆದುಕೊಂಡಳು. "ಹಂಗಾರ ನಾ ಸಾಯ್ತೀನಿ?"

ಶಿವಲೀಲಾ ಹಣಿಗೆಯನ್ನು ನೆತ್ತಿಯಿಂದ ಕೆಳಕ್ಕೆ ಎಳೆದಳು. "ಹೂಂ."

"ಲಗೂನ?"

"ಬಾಳ ದಿನ ಇಲ್ಲ. ಬ್ಯಾನಿ ಆಗದಂಗ ನೋಡಿಕೋತಾರ. ಹಂಗ ಮಾಡಾಕ ಬರ್ತೈತಿ, ಅದಕ್ಕ ಔಷಧ ಐತಿ. ನಾ ಇರ್ತೀನಿ."

ಮುಕ್ತಾ ಅದನ್ನು ಒಪ್ಪಿಕೊಂಡಳು ಎನ್ನಲಾಗದು. ಆದರೆ ನಂಬಿದಳು. ನಾಲ್ಕು ವರ್ಷ ಕೇಳಿದ್ದೆಲ್ಲ ನಿಜವೇ ಆಗಿದ್ದರಿಂದ ಇದನ್ನೂ ನಂಬಿದಳು. ಆಮೇಲೆ ಹಿಂದೆ ತಿರುಗದೆಯೇ ಮತ್ತೊಂದು ಪ್ರಶ್ನೆ ಕೇಳಿದಳು. ಇದನ್ನು ಅವಳು ಬಹಳ ದಿನದಿಂದ ಇಟ್ಟುಕೊಂಡಿದ್ದಳೆಂದು ದನಿಯಿಂದಲೇ ತಿಳಿಯುತ್ತಿತ್ತು.

"ಆಯಿ ಎರಡ ಗುಳಿಗಿ ಹಾಕ್ತಿದ್ಲು. ಅವತ್ತ ನೀ ಕೇಳಿದಿ. ಅದಕ್ಕೇನು ಮುಚ್ಚಿದ್ದು?"

ಪಡಸಾಲೆಯಲ್ಲಿ ಮೊರದ ಸದ್ದು ನಿಂತಿತು.

"ಅಲ್ಲ," ಎಂದಳು ಶಿವಲೀಲಾ.

"ಮತ್ತ ಯಾಕ?"

"ನಾ ಮಾಡಿದ್ದ ಸರಿ ಇರಲಿಲ್ಲ. ನಿಂದು ಮೊದಲನೇದು. ಇನ್ನೂ ಕೈ ಕೂಡಿರಲಿಲ್ಲ ನನಗ. ಕದ ಗಟ್ಟಿ ಆಗಲಿಲ್ಲ."

"ಹಂಗಾರ ಆಯಿಷಾನ ಕದಾನೂ ಮುಚ್ಚತಾವ?"

"ಇಲ್ಲ. ಅಕಿದು ಆಮ್ಯಾಲಿಂದು. ಅದು ಸರಿ ಆಗೇತಿ."

ಮುಕ್ತಾ ಈಗ ತಿರುಗಿದಳು. ಅರ್ಧ ಬಾಚಿದ ಕೂದಲು ಮುಖದ ಮೇಲೆ ಬಿತ್ತು. ಅವಳು ತಾಯಿಯನ್ನು ಬಹಳ ಹೊತ್ತು ನೋಡಿದಳು. ಆ ಕಣ್ಣುಗಳಲ್ಲಿ ಅನುಮಾನ ಇರಲಿಲ್ಲ. ಅನುಮಾನ ಇದ್ದಿದ್ದರೆ ಶಿವಲೀಲಾಳಿಗೆ ಹಗುರಾಗುತ್ತಿತ್ತು.

"ಮೊದಲ ಬ್ಯಾರೆ ಯಾರಿಗರೆ ಹಾಕಿ ಕಲೀಬೇಕಿತ್ತು ನೀ," ಎಂದಳು. ಅಷ್ಟು ಉದ್ದದ ಮಾತಿಗೆ ಅವಳಿಗೆ ಉಸಿರು ಸಾಲದೆ ನಡುವೆ ಎರಡು ಸಲ ನಿಲ್ಲಿಸಬೇಕಾಯಿತು.

"ಹೌದು, ಕಲೀಬೇಕಿತ್ತು."

ಮುಕ್ತಾ ನಳಿಗೆಯನ್ನು ಕೈಗೆ ಸುತ್ತಿಕೊಂಡು ಎದ್ದಳು. ಗೋಡೆ ಹಿಡಿದು ಹಿಂದಿನ ಪಡಸಾಲೆಗೆ ಹೋಗಿ, ನೀಲವ್ವನ ಬಲಗಡೆ ಕೂತು, ಅವಳ ತೊಡೆಯ ಮೇಲೆ ತಲೆಯಿಟ್ಟಳು. ಉಳಿದ ಜಡೆ ಆಯಿ ಹಾಕಲಿ ಎಂದಳು. ನೀಲವ್ವ ಮೊರವನ್ನು ಆಚೆ ಸರಿಸಿದಳು. ಅವಳ ಕಣ್ಣು ಮೊಮ್ಮಗಳ ತಲೆಯ ಮೇಲಿಂದ ಬಾಗಿಲಲ್ಲಿ ನಿಂತ ಸೊಸೆಯ ಕಡೆ ಬಂತು, ಅಲ್ಲಿ ಸ್ವಲ್ಪ ನಿಂತಿತು. ಏನನ್ನೋ ಕೇಳಲು ತುಟಿ ತೆರೆದವಳು ಕೇಳದೆ ಹಣಿಗೆಗಾಗಿ ಕೈ ಚಾಚಿದಳು. ಶಿವಲೀಲಾ ಕೊಟ್ಟಳು.

ಮುಕ್ತಾಳ ಮೈಯ ವಿಷಯದಲ್ಲಿ ಎಂದೂ ಸುಳ್ಳು ಹೇಳುವುದಿಲ್ಲ ಎಂದು ಕೊಟ್ಟ ಮಾತನ್ನು ಶಿವಲೀಲಾ ಆ ಮಧ್ಯಾಹ್ನ ಮುರಿದಳು.